ವೈರಿಯ ತಲವಾರು ಮಾರೋ ಸಾಮಾನಲ್ಲ

ಅಮೆರಿಕದ ಪೋರ್ಟ್‌ಲ್ಯಾಂಡ್ ಹೊರಗೆ ಒಂದು ದೊಡ್ಡ ಶೆಡ್ಡಿನಲ್ಲಿ ಆಗಾಗ ಹಳೇ ಸಾಮಾನಿನ ಸಂತೆ ಸೇರುತ್ತದೆ. ಹಿತ್ತಾಳೆ ಕೊಡ, ತಂಬಿಗೆ ಏನಾದರೂ ಸಿಗಬಹುದು ಅಂತ ಹೋಗಿದ್ದೆ. ಆ ದಿನ ಅರ್ಧ ಶೆಡ್ಡು ತುಂಬ ಯುದ್ಧದ ಸಾಮಾನೇ ಇತ್ತು. ಜರ್ಮನ್ ಹೆಲ್ಮೆಟ್ಟು, ಬೆಲ್ಟಿನ ಬಕಲ್ಲು, ಮೆಡಲ್ಲು, ಬಯೊನೆಟ್ಟು, ಜಪಾನಿ ಕತ್ತಿ. ಒಂದು ಟೇಬಲ್ ಮುಂದೆ ನಿಂತಾಗ ಅಂಗಡಿಯ ಮುದುಕ ನಗುತ್ತಾ ಮಾತಾಡಿಸಿದ. ಯಾವ ದೇಶದವರು ಅಂತ ಕೇಳಿದ. ಇಂಡಿಯಾ ಅಂದೆ. ಟೇಬಲ್ ಕೆಳಗೆ ಬಗ್ಗಿ, ಬಟ್ಟೆ ಸುತ್ತಿದ್ದ ಒಂದು ತಲವಾರು ತೆಗೆದು ನನ್ನ ಮುಂದೆ ಇಟ್ಟ. ಹಿಡಿಕೆಗೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. 1858ರಲ್ಲಿ ದಂಗೆಕೋರನೊಬ್ಬನಿಂದ ಕಿತ್ತುಕೊಂಡದ್ದು ಅಂತ ಬರೆದಿತ್ತು. "ಇದು ನಿಮ್ಮ ಕಡೆಯದು, ನಿಮಗಾದರೆ ಹತ್ತು ಪರ್ಸೆಂಟ್ ಬಿಡ್ತೀನಿ" ಅಂದ.

ಆತ ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಚುಚ್ಚಿತು. 1858 ಅಂದರೆ ನಮ್ಮ ಕಡೆ ಮುಂಡರಗಿ ಭೀಮರಾಯರ ವರ್ಷ. ಇಂಗ್ಲಿಷರ ವಿರುದ್ಧ ಎದ್ದು, ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತಲೇ ಸತ್ತವರು. ಸರಕಾರಿ ಕಾಗದದಲ್ಲಿ ಅವರೂ ದಂಗೆಕೋರರೇ. ಈ ತಲವಾರು ಕೊಪ್ಪಳದ್ದು ಅಂತ ನಾನು ಹೇಳುತ್ತಿಲ್ಲ, ಉತ್ತರ ಹಿಂದೂಸ್ತಾನದ್ದೇ ಇರಬೇಕು. ಆದರೆ ಆ ಚೀಟಿಯಲ್ಲಿ ವೈರಿ ಅಂತ ಬರೆಸಿಕೊಂಡವನು ನಮ್ಮವನು. ಅವನ ಕೈಯಿಂದ ಕಿತ್ತದ್ದನ್ನು ನನಗೆ ಡಿಸ್ಕೌಂಟಿನಲ್ಲಿ ಮಾರುತ್ತಿದ್ದರು.

ಅದೇ ಟೇಬಲ್ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಜಪಾನಿ ಬಾವುಟ ಹರಡಿತ್ತು. ತೆಳುವಾದ ರೇಷ್ಮೆ. ಮಡಿಚಿದ ಗೆರೆಗಳಲ್ಲಿ ಬಟ್ಟೆ ಸವೆದು ದಾರ ಕಾಣುತ್ತಿತ್ತು. ನಡುವಿನ ಕೆಂಪು ಸೂರ್ಯನ ಸುತ್ತ ಕಿರಣಗಳ ಹಾಗೆ ಕಪ್ಪು ಮಸಿಯ ಕೈಬರಹ. ಒಂದು ಸಾಲು ಗಟ್ಟಿಯಾಗಿ, ಕೈ ತಿರುಗಿದವರು ಬರೆದದ್ದು. ಇನ್ನೊಂದು ಓರೆಕೋರೆ, ಚಿಕ್ಕ ಮಕ್ಕಳದ್ದೋ ವಯಸ್ಸಾದವರದ್ದೋ. ಇದಕ್ಕೆ ಯೊಸೆಗಾಕಿ ಹಿನೊಮಾರು ಅನ್ನುತ್ತಾರೆ. ಹುಡುಗ ಯುದ್ಧಕ್ಕೆ ಹೊರಟಾಗ ಅಪ್ಪ, ಅವ್ವ, ಬಳಗದವರು, ಶಾಲೆ ಮಾಸ್ತರು, ಓಣಿಯ ಜನ ಎಲ್ಲ ಸೇರಿ ಹೆಸರು ಬರೆದು, ಒಳ್ಳೆಯದಾಗಲಿ ಅಂತ ಹಾರೈಸಿ ಕೊಟ್ಟ ಬಾವುಟ. ಅವನು ಅದನ್ನು ಮಡಿಚಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದ. ಅಂದರೆ ಅದು ಬೇರೆಯವರ ಕೈಗೆ ಬರಬೇಕಾದರೆ ಯಾರಾದರೂ ಅವನ ಅಂಗಿ ಬಿಚ್ಚಿರಬೇಕು. ಹೆಚ್ಚಿನ ಸಲ ಅವನು ಸತ್ತ ಮೇಲೆ.

ಒಂದು ಮೂಲೆಯಲ್ಲಿ ಕಂದು ಬಣ್ಣದ ಕಲೆ ಇತ್ತು. ಪಕ್ಕದಲ್ಲೇ ಕಲೆ ಇಲ್ಲದ ಇನ್ನೊಂದು ಬಾವುಟ. ಕಲೆ ಇದ್ದದ್ದಕ್ಕೇ ರೇಟು ಜಾಸ್ತಿ. ಯಾಕೆ ಅಂತ ಕೇಳಿದೆ. ರಕ್ತ ಇದ್ದರೆ ಅಸಲಿ ಅನ್ನೋದು ಗ್ಯಾರಂಟಿ, ನಕಲಿ ಬಾವುಟ ಬಹಳ ಬರ್ತಿದಾವೆ ಅಂದ. ಇಲ್ಲಿಂದಲೇ ನನಗೂ ಈ ಹವ್ಯಾಸಕ್ಕೂ ಜಗಳ ಶುರುವಾಯಿತು. ಒಬ್ಬ ಹುಡುಗನ ಸಾವು ಎಷ್ಟು ಹತ್ತಿರದಿಂದ ಕಾಣುತ್ತದೋ ಅಷ್ಟು ರೇಟು ಏರುವ ವ್ಯಾಪಾರ ಅದು.

ಈ ಹವ್ಯಾಸ ಇರೋರೆಲ್ಲ ಕೆಟ್ಟವರು ಅಂತ ಯಾರೂ ತಿಳಿಯಬಾರದು. ನನ್ನ ಜೊತೆ ಕೆಲಸ ಮಾಡೋ ಒಬ್ಬರ ಮನೆಯ ಬೇಸ್‌ಮೆಂಟ್ ತುಂಬ ಇಂಥವೇ ಇದಾವೆ. ಊರಲ್ಲಿ ನಮ್ಮ ಅವ್ವನ ಆಪರೇಷನ್ ಆದಾಗ ನನ್ನ ಕೆಲಸವನ್ನೂ ಸೇರಿಸಿ ಮಾಡಿ, ನೆಮ್ಮದಿಯಿಂದ ಹೋಗಿ ಬಾ ಅಂತ ಕಳಿಸಿಕೊಟ್ಟ ಮನುಷ್ಯ. ಅವರ ಅಜ್ಜ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ಕಿನಲ್ಲಿ ಹೋರಾಡಿದವರು, ಒಂದು ಜಪಾನಿ ಹೆಲ್ಮೆಟ್ ತಂದಿದ್ದರು. ಅದು ಬೇಸ್‌ಮೆಂಟಿನ ಒಂದು ಮೂಲೆಯಲ್ಲಿದೆ. ಉಳಿದದ್ದೆಲ್ಲ ಮೊಮ್ಮಗ ಕೊಂಡದ್ದು. ಲೈಟು ಹಾಕಿ, ಬಿಳಿ ಗ್ಲೌಸು ತೊಟ್ಟು, ಒಂದೊಂದೇ ತೆಗೆದು ತೋರಿಸುತ್ತಾರೆ. ಎಷ್ಟಕ್ಕೆ ಸಿಕ್ಕಿತು, ಈಗ ಎಷ್ಟು ಬಾಳುತ್ತದೆ ಅಂತಲೂ ಹೇಳುತ್ತಾರೆ. ಕೆಲವಕ್ಕೆ ಕಾಗದವೂ ಇದೆ. ಈ ಸಾಮಾನನ್ನು ಈ ಸೈನಿಕ ಮನೆಗೆ ಒಯ್ಯಬಹುದು ಅಂತ ಆಗಿನ ಅಧಿಕಾರಿ ಸಹಿ ಹಾಕಿಕೊಟ್ಟದ್ದು. ಆ ಕಾಗದ ಇದ್ದರೆ ಬೆಲೆ ಇನ್ನೂ ಜಾಸ್ತಿಯಂತೆ.

ಅಜ್ಜ ತಂದ ಹೆಲ್ಮೆಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಆ ಅಜ್ಜ ಅಲ್ಲಿದ್ದರು. ಅವರಿಗೂ ಗುಂಡು ಬೀಳಬಹುದಿತ್ತು. ಅಂಜಿದವರು, ಗೆಳೆಯರನ್ನು ಕಳಕೊಂಡವರು, ಸಿಟ್ಟಿನಲ್ಲೋ ಬದುಕಿ ಉಳಿದೆ ಅನ್ನೋ ಸಮಾಧಾನದಲ್ಲೋ ಕೈಗೆ ಸಿಕ್ಕದ್ದನ್ನು ತಂದರು. ಅದು ಸರಿಯೋ ತಪ್ಪೋ ಅಂತ ಆರಾಮ ಕುರ್ಚಿಯಲ್ಲಿ ಕೂತು ನಾನು ಹೇಳಲಾರೆ. ಮೊಮ್ಮಗನಿಗೆ ಅದು ಅಜ್ಜನ ನೆನಪು. ಆದರೆ ಎಪ್ಪತ್ತು ಎಂಬತ್ತು ವರ್ಷ ಆದ ಮೇಲೆ, ಗುರುತಿಲ್ಲದ ಇನ್ಯಾರೋ ಕೊಂದ, ಗುರುತಿಲ್ಲದ ಇನ್ಯಾರದೋ ಬಾವುಟವನ್ನು ರೊಕ್ಕ ಕೊಟ್ಟು ತರೋದು ಬೇರೆ. ಅಲ್ಲಿ ನೆನಪೂ ಇಲ್ಲ, ಅಂಜಿಕೆಯೂ ಇಲ್ಲ. ಇರೋದು ಖುಷಿ ಮಾತ್ರ.

ಈ ಖುಷಿ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನೋದು ಅಮೆರಿಕಕ್ಕೇ ಒಮ್ಮೆ ಗೊತ್ತಾಗಿತ್ತು. ಯುದ್ಧದ ಹೊತ್ತಿನಲ್ಲಿ ಕೆಲವು ಅಮೆರಿಕನ್ ಸೈನಿಕರು ಜಪಾನಿಯರ ಎಲುಬು, ಹಲ್ಲು, ತಲೆಬುರುಡೆಗಳನ್ನೇ ನೆನಪಿಗೆ ಅಂತ ತರತೊಡಗಿದರು. ವೈರಿಯ ದೇಹದ ಯಾವ ಭಾಗವನ್ನೂ ಹೀಗೆ ಇಟ್ಟುಕೊಳ್ಳಬಾರದು ಅಂತ ಪೆಸಿಫಿಕ್ ನೌಕಾಪಡೆ 1942ರಲ್ಲೇ ಆದೇಶ ಹೊರಡಿಸಿತು. ಆದರೂ ನಿಲ್ಲಲಿಲ್ಲ. 1944ರ ಮೇ ತಿಂಗಳ ಲೈಫ್ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಗೆಳೆಯ ಕಳಿಸಿಕೊಟ್ಟ ಜಪಾನಿ ತಲೆಬುರುಡೆಯನ್ನು ಟೇಬಲ್ ಮೇಲೆ ಇಟ್ಟುಕೊಂಡು, ಅವನಿಗೆ ಥ್ಯಾಂಕ್ಸ್ ಅಂತ ಪತ್ರ ಬರೆಯುತ್ತಿರುವ ಯುವತಿ. ಅದೇ ವರ್ಷ ಜಪಾನಿ ಸೈನಿಕನ ತೋಳಿನ ಎಲುಬಿನಿಂದ ಮಾಡಿದ, ಪತ್ರ ಬಿಚ್ಚುವ ಚಾಕುವೊಂದನ್ನು ಪ್ರೆಸಿಡೆಂಟ್ ರೂಸ್‌ವೆಲ್ಟರಿಗೆ ಒಬ್ಬ ಸಂಸದ ಉಡುಗೊರೆ ಕೊಟ್ಟಿದ್ದ. ಆಮೇಲೆ ರೂಸ್‌ವೆಲ್ಟ್ ಅದನ್ನು ವಾಪಸ್ ಕಳಿಸಿದರು, ಮಣ್ಣು ಮಾಡೋದು ಒಳ್ಳೇದು ಅಂದರು.

ಓದಿದಾಗ ನನಗೆ ನೆನಪಾದದ್ದು ನಮ್ಮ ಕುಮಾರರಾಮ. ಗಂಗಾವತಿ ಹತ್ತಿರದ ಕುಮ್ಮಟದುರ್ಗದ ಗಂಡುಗಲಿ. ಅವನ ತಲೆ ಕಡಿದು ದಿಲ್ಲಿಗೆ ಒಯ್ದರು ಅನ್ನೋ ಕಥೆ ಕೇಳಿ ಬೆಳೆದವರು ನಾವು. ಕಥೆ ಹೇಳುವವರು ಆ ಜಾಗಕ್ಕೆ ಬಂದಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ಮರದ ತಲೆ ಮಾಡಿಸಿ ಕುಮಾರರಾಮನನ್ನು ಪೂಜೆ ಮಾಡುವ ಊರುಗಳು ಇವತ್ತಿಗೂ ಇದಾವೆ. ಅವನ ತಲೆ ಒಯ್ದ ಕಡೆ ಅದೊಂದು ಗೆಲುವಿನ ಗುರುತು ಆಗಿರಬಹುದು. ಕಳಕೊಂಡ ಕಡೆ ಅದು ಏಳುನೂರು ವರ್ಷ ಆದರೂ ಮುಗಿಯದ ದುಃಖ.

ಕಾನೂನು ಕೂಡ ಈ ಗೆರೆಯನ್ನು ಅಲ್ಲಲ್ಲಿ ಎಳೆದಿದೆ. ಸೆರೆ ಸಿಕ್ಕವನ ಕೋವಿ, ಕುದುರೆ, ಸೈನ್ಯದ ಕಾಗದಪತ್ರ ಕಿತ್ತುಕೊಳ್ಳಬಹುದು, ಅವನ ಸ್ವಂತದ ಸಾಮಾನು ಮುಟ್ಟಬಾರದು ಅಂತ 1907ರ ಹೇಗ್ ನಿಯಮ ಹೇಳುತ್ತದೆ. ಸತ್ತವರ ಮೈಮೇಲಿನದನ್ನು ದೋಚದ ಹಾಗೆ ನೋಡಿಕೊಳ್ಳಬೇಕು ಅಂತ 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಜರ್ಮನಿಯಲ್ಲಿ ನಾಜಿ ಗುರುತುಗಳನ್ನು ಸಾರ್ವಜನಿಕವಾಗಿ ತೋರಿಸೋದೇ ಅಪರಾಧ. ಅಮೆರಿಕದಲ್ಲಿ ಅಂಥ ತಡೆ ಇಲ್ಲ. ಕಾನೂನು ಬಿಟ್ಟಿದ್ದನ್ನು ಮನಸ್ಸು ತಡೆಯಬೇಕು.

ಇನ್ನೊಂದು ಸಾಮಾನು ಆ ಸಂತೆಯಲ್ಲಿ ಕಂಡೆ. ಸಣ್ಣ ಸಣ್ಣ ಗಾಜಿನ ಮಣಿ ಪೋಣಿಸಿ ಹೆಣೆದ ಉದ್ದನೆಯ ಹಾವು. ಹೊಟ್ಟೆಯ ಮೇಲೆ ಟರ್ಕಿಷ್ ಪ್ರಿಸನರ್ಸ್ 1918 ಅಂತ ಮಣಿಯಲ್ಲೇ ಅಕ್ಷರ. ಮೊದಲನೇ ಮಹಾಯುದ್ಧದಲ್ಲಿ ಇಂಗ್ಲಿಷರ ಕೈಗೆ ಸೆರೆ ಸಿಕ್ಕ ತುರ್ಕಿ ಸೈನಿಕರು ಹೊತ್ತು ಕಳೆಯಲಿಕ್ಕೆ, ನಾಲ್ಕು ಕಾಸು ಮಾಡಿಕೊಳ್ಳಲಿಕ್ಕೆ ಹೆಣೆದು ಮಾರಿದ್ದು. ಆ ಯುದ್ಧದಲ್ಲಿ ತುರ್ಕಿ ಕೈದಿಗಳನ್ನು ನಮ್ಮ ಬಳ್ಳಾರಿಯಲ್ಲೂ ಇಟ್ಟಿದ್ದರು ಅನ್ನೋದು ಬಹಳ ಜನರಿಗೆ ಮರೆತೇ ಹೋಗಿದೆ. ಬಳ್ಳಾರಿಯ ಬಿಸಿಲಿನಲ್ಲಿ ಊರು ನೆನೆಸಿಕೊಂಡು ಕೂತ ಆ ಪರದೇಶಿಗಳು ಏನು ಮಾಡುತ್ತಿದ್ದರೋ. ಆ ಹಾವನ್ನು ಮಾತ್ರ ನಾನು ಸಮಾಧಾನದಿಂದ ನೋಡಿದೆ. ಅದೂ ವೈರಿಯ ಸಾಮಾನೇ. ಆದರೆ ಮಾಡಿದವನೇ ಮಾರಿದ, ರೊಕ್ಕ ಅವನ ಕೈಗೆ ಹೋಯಿತು. ಅದನ್ನು ಕೊಂಡವರನ್ನು, ಇಟ್ಟುಕೊಂಡವರನ್ನು ಯಾರೂ ಬೈಯಬೇಕಿಲ್ಲ.

ಈಗ ನಮ್ಮ ಕಡೆಯ ಮಾತು.

ನಾನು ಹುಟ್ಟಿದಾಗ ನಮ್ಮೂರು ರಾಯಚೂರು ಜಿಲ್ಲೆಯಲ್ಲಿತ್ತು, 1997ರಿಂದ ಕೊಪ್ಪಳ ಜಿಲ್ಲೆ. ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಅಲ್ಲಿ ನಮ್ಮ ದೊಡ್ಡಪ್ಪನ ಮನೆಯಲ್ಲಿ, ದೇವರ ಜಗಲಿಯ ಪಕ್ಕದ ಗೂಟಕ್ಕೆ ಒಂದು ತಲವಾರು ತೂಗುಹಾಕಿದೆ. ಒರೆ ಹರಿದು ಹೋಗಿದೆ, ಒಳಗಿನ ಕಟ್ಟಿಗೆ ಕಾಣುತ್ತದೆ. ಹಿಡಿಕೆಯ ಬಟ್ಟಲಿಗೆ ಹಸಿರು ಕಿಲುಬು. ಅಲಗಿನ ನಡುವೆ ಒಂದು ಕಡೆ ಚಿಕ್ಕ ಮುಕ್ಕು ಬಿದ್ದಿದೆ, ಬೆರಳು ಆಡಿಸಿದರೆ ಗೊತ್ತಾಗುತ್ತದೆ. ಅದು ರಜಾಕಾರನೊಬ್ಬನದು, ಹೈದರಾಬಾದ್ ನಿಜಾಮನ ಪರ ನಿಂತ ಖಾಸಗಿ ಪಡೆಯವನದು.

ರಜಾಕಾರರ ಹಾವಳಿ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ನಾವು ನಿಜಾಮನ ಕೈಕೆಳಗೇ ಇದ್ದೆವು. ತುಂಗಭದ್ರೆಯ ಆಚೆ ಬಳ್ಳಾರಿಯವರು ಬಾವುಟ ಹಾರಿಸಿದರು, ಈಚೆ ನಮ್ಮವರು ಹಾರಿಸಿದರೆ ಏಟು ತಿಂದರು. ಜನ ರಾತ್ರಿ ಬಂಡಿ ಕಟ್ಟಿಕೊಂಡು, ಹೆಂಗಸರು ಮಕ್ಕಳನ್ನು, ಇದ್ದ ನಾಲ್ಕು ಚೀಲ ಜೋಳವನ್ನು ಹೇರಿಕೊಂಡು ಗಜೇಂದ್ರಗಡದ ಕಡೆ ದಾಟಿದರು. ಮುಂಡರಗಿಯಲ್ಲಿ ನಿಜಾಮನ ವಿರುದ್ಧ ಹೋರಾಡುವವರಿಗೆ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ ಇತ್ತು. ನಮ್ಮ ಮುತ್ಯಾ ಆ ಶಿಬಿರಕ್ಕೆ ಹೋದವರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಮುತ್ಯಾ ಊರಿಗೆ ಬಂದಾಗ ಕೈಯಲ್ಲಿ ಈ ತಲವಾರು ಇತ್ತಂತೆ.

ಹೇಗೆ ಬಂತು ಅಂತ ಮುತ್ಯಾ ಬಾಯಿ ಬಿಟ್ಟು ಹೇಳಿದ್ದು ಯಾರಿಗೂ ನೆನಪಿಲ್ಲ. ಹುಡುಗರು ನಾವು ಕೇಳಿದರೆ "ಅದು ನಮ್ದಲ್ಲ ತಮ್ಮಾ. ಇಲ್ಲಿ ಐತಿ ಅಷ್ಟ" ಅನ್ನುತ್ತಿದ್ದರು. ಅದನ್ನು ಹಿಡಿದು ಆಡಲಿಕ್ಕೆ ಬಿಡುತ್ತಿರಲಿಲ್ಲ. ಬೀಗರು ಬಂದಾಗ ತೆಗೆದು ತೋರಿಸಿ ಮೀಸೆ ತಿರುವಿದ್ದೂ ಇಲ್ಲ. ಮಹಾನವಮಿ ದಿನ ಮಾತ್ರ ಕೆಳಗಿಳಿಸಿ, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ, ವಿಭೂತಿ ಎಳೆದು, ಕೊಡಲಿ, ಕುಡಗೋಲು, ಕೂರಿಗೆ ತಾಳಿನ ಜೊತೆಗೆ ಇಡುತ್ತಿದ್ದರು. ಎಲ್ಲಕ್ಕೂ ಒಂದೇ ಚೆಂಡುಹೂ, ಒಂದೇ ಕಾಯಿ. ಈಗ ಅದರ ಪಕ್ಕದಲ್ಲಿ ನಮ್ಮ ತಮ್ಮನ ಟ್ರ್ಯಾಕ್ಟರಿನ ಪಾನಾ ಕೂಡ ಇರುತ್ತದೆ. ಸಂಜೆ ಬನ್ನಿ ಕೊಡುವಾಗ ಮುತ್ಯಾ ಮೊದಲು ಹೋಗುತ್ತಿದ್ದದ್ದು ಹಿಂದಿನ ಓಣಿಯ ಒಬ್ಬ ಸಾಬರ ಮನೆಗೆ. ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಂಗೆ, ನಮ್ಮ ಮನೆಯಿಂದ ಸಕ್ಕರೆ ಓದಿಸಲಿಕ್ಕೆ ಹೋಗೋದು ಆಗಲೂ ಇತ್ತು, ಈಗಲೂ ಇದೆ.

ಕೆಲವು ವರ್ಷದ ಹಿಂದೆ ಹೊಸಪೇಟೆ ಕಡೆಯಿಂದ ಹಳೇ ಸಾಮಾನು ಕೊಳ್ಳುವವನೊಬ್ಬ ಬಂದಿದ್ದ. ಹಂಪಿಗೆ ಬರೋ ಫಾರಿನ್ ಮಂದಿಗೆ ಮಾರುವವನು. ಹಳೇ ತೊಲೆಬಾಗಿಲು, ಹಿತ್ತಾಳೆ ಹಂಡೆ ಕೇಳುತ್ತಾ ಊರೂರು ಸುತ್ತುವವನು. ಯಾರೋ ತಲವಾರಿನ ಸುದ್ದಿ ಹೇಳಿದ್ದರು. ರಜಾಕಾರನದು ಅಂತ ಗೊತ್ತಾದ ಮೇಲೆ ಅವನು ರೇಟು ಏರಿಸಿದ. ನೋಟಿನ ಕಟ್ಟು ತೆಗೆದು ಚಾಪೆಯ ಮೇಲೆ ಇಟ್ಟ. ಆ ವರ್ಷ ಮಳೆ ಕೈಕೊಟ್ಟಿತ್ತು, ತೊಗರಿ ಒಣಗಿತ್ತು, ಮನೆಯಲ್ಲಿ ರೊಕ್ಕದ ಅಡಚಣೆ ಇತ್ತು. ದೊಡ್ಡಪ್ಪ ಚಹಾ ತರಿಸಿ ಕುಡಿಸಿದರು. ಆಮೇಲೆ "ತಗೊಂಡು ನಡಿಯಪ್ಪಾ. ಸತ್ತವನ ಸಾಮಾನಿನ ರೊಕ್ಕ ಮನಿಗೆ ಬ್ಯಾಡ" ಅಂದು ಕಟ್ಟನ್ನು ವಾಪಸ್ ಕೈಗೆ ಕೊಟ್ಟರು. ನಾನು ಆಗ ರಜೆಗೆ ಹೋಗಿದ್ದೆ, ಪಡಸಾಲೆಯಲ್ಲೇ ಕೂತಿದ್ದೆ. ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ರೊಕ್ಕ ಹೋಯಿತಲ್ಲ ಅಂತ ಅವರೂ ಒಂದು ಮಾತು ಆಡಲಿಲ್ಲ.

ದೊಡ್ಡಪ್ಪ ಏಳನೇ ಇಯತ್ತೆಯವರೆಗೆ ಓದಿದವರು. ಜಿನೀವಾ ಹೇಗ್ ಅವರಿಗೆ ಗೊತ್ತಿಲ್ಲ. ಆದರೆ ಆ ಸಂತೆಯಲ್ಲಿ ಬಿಳಿ ಗ್ಲೌಸು ತೊಟ್ಟವರು ಯಾರಿಗೂ ಹೊಳೆಯದ ಒಂದು ಮಾತು ಅವರಿಗೆ ಹೊಳೆದಿತ್ತು. ವೈರಿಯ ಸಾಮಾನು ನಮ್ಮ ಮನೆಯಲ್ಲಿ ಇರಬಹುದು, ಅದರಿಂದ ನಮಗೆ ಲಾಭ ಆಗಬಾರದು. ಅದನ್ನು ನೋಡಿ ಜಂಬ ಪಡಬಾರದು, ಮಾರಿ ಉಣ್ಣಬಾರದು. ಮಾರಿದರೆ ಅದು ಇನ್ನೊಬ್ಬರ ಮನೆಗೆ ಹೋಗುತ್ತದೆ, ಅವರಿಗೆ ಮುತ್ಯಾ ಯಾರೋ ರಜಾಕಾರ ಯಾರೋ. ಅಲ್ಲಿ ಅದು ಬರೀ ಶೋಕಿ. ನಮ್ಮ ಮನೆಯಲ್ಲಿ ಅದರ ಜೊತೆ ಒಂದು ಅಂಜಿಕೆ ಇದೆ, ಒಂದು ಮರ್ಯಾದೆ ಇದೆ, ಮುತ್ಯಾನ ಮೌನ ಇದೆ. ಇವು ಯಾವುವೂ ಸಾಮಾನಿನ ಜೊತೆ ಕೈ ಬದಲಾಗೋದಿಲ್ಲ.

ನಾವೇನು ವೈರಿಯ ಸಾಮಾನು ಮೆರೆಸದವರಲ್ಲ, ಅದನ್ನೂ ಹೇಳಬೇಕು. 1520ರ ರಾಯಚೂರಿನ ಯುದ್ಧದಲ್ಲಿ ಕೃಷ್ಣದೇವರಾಯರು ಆದಿಲ್‌ಶಾಹನನ್ನು ಸೋಲಿಸಿ ಸಣ್ಣವು ಬಿಟ್ಟು ನಾನೂರು ದೊಡ್ಡ ಫಿರಂಗಿ ಹಿಡಿದರು ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅದನ್ನು ಓದುವಾಗ ಯಾವ ಕನ್ನಡಿಗನಿಗೆ ಎದೆ ಉಬ್ಬೋದಿಲ್ಲ? ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಕೂಡ ಅಹಮದ್‌ನಗರದವರು 1549ರಲ್ಲಿ ಎರಕ ಹೊಯ್ಯಿಸಿದ್ದು, 1632ರಲ್ಲಿ ಪರಾಂಡದ ಕೋಟೆಯಿಂದ ಬಿಜಾಪುರಕ್ಕೆ ಬಂದದ್ದು. 1965ರಲ್ಲಿ ಪಾಕಿಸ್ತಾನದಿಂದ ಹಿಡಿದ ಪ್ಯಾಟನ್ ಟ್ಯಾಂಕುಗಳನ್ನು ನಮ್ಮ ದೇಶದ ಎಷ್ಟೋ ಊರುಗಳಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ್ದಾರೆ, ಮಕ್ಕಳು ಹತ್ತಿ ಆಡುತ್ತಾರೆ. ಅದರಲ್ಲಿ ನನಗೇನೂ ತಪ್ಪು ಕಾಣೋದಿಲ್ಲ. ತೋಪು, ಟ್ಯಾಂಕು ಒಂದು ರಾಜ್ಯದ ಕೈಯಿಂದ ಇನ್ನೊಂದು ರಾಜ್ಯದ ಕೈಗೆ ಹೋದವು. ಅದರ ಮೇಲೆ ಯಾರ ಅವ್ವನೂ ಹೆಸರು ಬರೆದಿರಲಿಲ್ಲ. ಊರ ನಡುವೆ ನಿಂತದ್ದು ಊರಿನದು, ಅದನ್ನು ಯಾರೂ ಬೇಸ್‌ಮೆಂಟಿಗೆ ಒಯ್ದು ಬೀಗ ಹಾಕಿಕೊಳ್ಳೋದಿಲ್ಲ.

ಶ್ರೀರಂಗಪಟ್ಟಣ ನೆನೆಸಿಕೊಂಡರೆ ಇನ್ನೂ ಸ್ಪಷ್ಟ ಆಗುತ್ತದೆ. 1799ರ ಮೇ 4ರಂದು ಟಿಪ್ಪು ಸತ್ತ. ಅವನ ಸಿಂಹಾಸನವನ್ನೇ ಒಡೆದು ಪಾಲು ಹಾಕಿದರು. ಅವನ ಮಲಗುವ ಕೋಣೆಯಲ್ಲಿದ್ದ ಕತ್ತಿಯನ್ನು ಇಂಗ್ಲಿಷ್ ಸೈನ್ಯದವರು ತಮ್ಮ ಜನರಲ್ ಬೇರ್ಡ್‌ಗೆ ಕೊಟ್ಟರು. ಅದೇ ಕತ್ತಿ 2023ರ ಮೇನಲ್ಲಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು. ಟಿಪ್ಪು ಬಗ್ಗೆ ನಮ್ಮಲ್ಲಿ ಯಾರಿಗೆ ಏನೇ ಅಭಿಪ್ರಾಯ ಇರಲಿ, ಆ ಸುದ್ದಿ ಬಂದ ದಿನ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಸಂಕಟ ಆಯಿತು. ನಮ್ಮ ಸಾಮಾನು ಹರಾಜಾದಾಗ ನೋಯುವ ಮನಸ್ಸು ಜಪಾನಿನ ಯಾವುದೋ ಹಳ್ಳಿಯ ಹುಡುಗನ ಬಾವುಟಕ್ಕೂ ನೋಯಬೇಕಲ್ವಾ?

ನನ್ನ ಜೊತೆ ಕೆಲಸ ಮಾಡುವವರಿಗೆ ಇದನ್ನೆಲ್ಲ ಹೇಳಿದೆ. ತಲವಾರಿನ ಕಥೆಯನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಆ ರಜಾಕಾರನ ಹೆಸರೇನು?

ಗೊತ್ತಿಲ್ಲ ಅಂದೆ.

ಅವರೇನೂ ಗೆದ್ದವರ ಹಾಗೆ ಮುಖ ಮಾಡಲಿಲ್ಲ. ಬರುವ ಶನಿವಾರ ಬಿಡುವು ಇದ್ದರೆ ಅಸ್ಟೋರಿಯಾಕ್ಕೆ ಹೋಗಿ ಬರೋಣ ಅಂದರು. ಕೊಲಂಬಿಯಾ ನದಿ ಸಮುದ್ರ ಸೇರುವ ಕಡೆ ಇರುವ ಊರು ಅದು, ನಮ್ಮಲ್ಲಿಂದ ಎರಡು ತಾಸಿನ ದಾರಿ. ಒಬಾನ್ ಸೊಸೈಟಿ ಅನ್ನೋ ಸಂಸ್ಥೆ ಅಲ್ಲಿದೆ. ಒಬ್ಬ ಅಮೆರಿಕನ್, ಅವರ ಜಪಾನಿ ಹೆಂಡತಿ ಸೇರಿ ಶುರು ಮಾಡಿದ್ದು. ಸೈನಿಕರ ಮಕ್ಕಳು, ಮೊಮ್ಮಕ್ಕಳು, ಈ ಹವ್ಯಾಸದವರು ತಮ್ಮ ಹತ್ತಿರ ಇರುವ ಬಾವುಟಗಳನ್ನು ಅವರಿಗೆ ಕಳಿಸುತ್ತಾರೆ. ಅದರ ಮೇಲಿನ ಹೆಸರುಗಳನ್ನು ಓದಿ, ಊರಿನ ಗುರುತು ಹಿಡಿದು, ಜಪಾನಿನಲ್ಲಿ ಆ ಮನೆತನವನ್ನು ಹುಡುಕಿ ಬಾವುಟವನ್ನು ಮುಟ್ಟಿಸುತ್ತಾರೆ. ಇಲ್ಲಿಯವರೆಗೆ ನೂರಾರು ಬಾವುಟ ಮನೆ ಸೇರಿದಾವೆ. ಟೆಕ್ಸಾಸಿನಲ್ಲಿ ಲೆಕ್ಸಿಂಗ್ಟನ್ ಅನ್ನೋ ಹಳೇ ಯುದ್ಧನೌಕೆಯ ಮ್ಯೂಸಿಯಂ ಇದೆ. ಅಲ್ಲಿ ನೋಡಲಿಕ್ಕೆ ಇಟ್ಟಿದ್ದ ಒಂದು ಬಾವುಟವೂ 2023ರಲ್ಲಿ ಹೀಗೆ ಮನೆಯವರಿಗೆ ಹೋಯಿತು.

ಹೊರದೇಶದ ನೆಲದಲ್ಲಿ ಸತ್ತ ಜಪಾನಿಯರು ಸುಮಾರು 24 ಲಕ್ಷ. ಅವರಲ್ಲಿ 11 ಲಕ್ಷಕ್ಕೂ ಹೆಚ್ಚು ಜನರ ಅಸ್ಥಿ ಇನ್ನೂ ಊರು ಸೇರಿಲ್ಲ. ಎಷ್ಟೋ ಮನೆಗಳಿಗೆ ಸರಕಾರ ಕಳಿಸಿದ ಪೆಟ್ಟಿಗೆಯಲ್ಲಿ ಒಂದು ಕಲ್ಲೋ ಒಂದು ಚೂರು ಕಾಗದವೋ ಇತ್ತು, ಅಷ್ಟೇ. ಅಂಥ ಮನೆಗೆ ಈ ಬಾವುಟ ಬಂದರೆ ಹುಡುಗನೇ ಬಂದ ಹಾಗೆ. ಎಂಬತ್ತು ದಾಟಿದ ತಂಗಿ ತನ್ನದೇ ಚಿಕ್ಕಂದಿನ ಕೈಬರಹವನ್ನು ಅದರಲ್ಲಿ ಹುಡುಕಿಕೊಳ್ಳಬಹುದು.

ಇಷ್ಟು ಆಗಬೇಕಾದರೆ ಬಾವುಟ ಉಳಿದಿರಬೇಕು. ಇದನ್ನು ಬರೆಯಲಿಕ್ಕೆ ನನಗೆ ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಎಷ್ಟೋ ಬಾವುಟಗಳನ್ನು ಉಳಿಸಿದವರು ಈ ಹವ್ಯಾಸದವರೇ. ಅಜ್ಜ ಸತ್ತ ಮೇಲೆ ಮಕ್ಕಳು ಕಸದ ಡಬ್ಬಕ್ಕೆ ಹಾಕುತ್ತಿದ್ದದ್ದನ್ನು ಅವರು ಕೊಂಡರು, ಹುಳ ಬೀಳದ ಹಾಗೆ ಕಾಪಾಡಿದರು. ಎಲ್ಲಿ ಸಿಕ್ಕಿತು, ಯಾವ ದ್ವೀಪ, ಯಾವ ಪಡೆ, ಯಾರು ತಂದರು ಅಂತ ಬರೆದಿಟ್ಟರು. ರೇಟು ಏರಲಿ ಅಂತಲೇ ಬರೆದಿರಬಹುದು. ಆದರೆ ಅದೇ ಬರಹ ಇವತ್ತು ಮನೆ ಹುಡುಕಲಿಕ್ಕೆ ದಾರಿ ಆಯಿತು. ನನ್ನ ಸಹೋದ್ಯೋಗಿಯೇ ಎರಡು ಬಾವುಟ ಕೊಟ್ಟಿದ್ದಾರಂತೆ. ಈ ಮಾತನ್ನು ಅವರು ಹೇಳಿದ್ದು ಅಸ್ಟೋರಿಯಾದಿಂದ ವಾಪಸ್ ಬರುವಾಗ. ಉಳಿದವನ್ನು ಯಾಕೆ ಕೊಟ್ಟಿಲ್ಲ ಅಂತ ಕೇಳಿದೆ. ಕೊಡಬೇಕು ಅಂತಿದೀನಿ ಅಂದರು. ಅವರು ಕೊಡಲಿ. ಕೊಟ್ಟ ದಿನ ಅವರ ಜೊತೆ ನನ್ನ ಜಗಳ ಮುಗಿಯುತ್ತದೆ. ರಕ್ತದ ಕಲೆಗೆ ಜಾಸ್ತಿ ರೇಟು ಕಟ್ಟುವ ಸಂತೆಯ ಜೊತೆ ಮುಗಿಯೋದಿಲ್ಲ.

ನಮ್ಮ ಮನೆಯ ತಲವಾರಿಗೆ ಮಾತ್ರ ಯಾವ ಕಾಗದವೂ ಇಲ್ಲ. ಮುತ್ಯಾನ ಮೌನವನ್ನು ನಾನು ಗೌರವದಿಂದಲೇ ನೋಡಿದವನು, ಈಗಲೂ ನೋಡುತ್ತೇನೆ. ಆದರೆ ಆ ಮೌನದಲ್ಲಿ ಒಬ್ಬನ ಹೆಸರು ಮುಳುಗಿಹೋಗಿದೆ. ಇನ್ನೊಂದು ಮಾತೂ ಇದೆ, ನಮ್ಮ ಕಡೆ ಯಾರೂ ಬಾಯಿ ಬಿಟ್ಟು ಆಡೋದಿಲ್ಲ. ಭಾರತದ ಸೈನ್ಯ ಒಳಗೆ ಬಂದ ಆ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ರಜಾಕಾರರ ಸಂಬಂಧವೇ ಇಲ್ಲದ ಎಷ್ಟೋ ಮುಸಲ್ಮಾನರು ಸೇಡಿಗೆ ಬಲಿಯಾದರು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರ ಅಂದಾಜು 27 ಸಾವಿರದಿಂದ 40 ಸಾವಿರ ಅಂದಿತ್ತು. ಕಲಬುರಗಿ, ಬೀದರ ಕಡೆ ಜಾಸ್ತಿ ಆಯಿತು ಅಂತ ಅದರಲ್ಲೇ ಇದೆ. ಆ ವರದಿ ಬಹಳ ವರ್ಷ ಹೊರಗೇ ಬರಲಿಲ್ಲ. ರಜಾಕಾರರಿಂದ ನಮ್ಮವರು ಪಟ್ಟ ಪಾಡು ಸುಳ್ಳಲ್ಲ, ನಮ್ಮ ಮನೆಯಲ್ಲೇ ಪಟ್ಟಿದ್ದಾರೆ. ಇದೂ ಸುಳ್ಳಲ್ಲ. ಹಾಗಿದ್ದ ಮೇಲೆ ಆ ತಲವಾರು ಹಾವಳಿ ಮಾಡಿದವನದೋ, ಮನೆ ಕಾಯಲಿಕ್ಕೆ ಅಂತ ಇಟ್ಟುಕೊಂಡಿದ್ದ ಯಾವನೋ ಬಡವನದೋ? ಸಂತೆಯ ವ್ಯಾಪಾರಿ ತನ್ನ ತಲವಾರಿಗೆ ಒಂದು ಚೀಟಿಯಾದರೂ ಕಟ್ಟಿದ್ದ. ನಾವು ಅದನ್ನೂ ಕಟ್ಟಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಅಂತ ಅಂಜಿ ನಾಲ್ಕು ತಲೆಮಾರು ಸುಮ್ನೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆವು.

ದೊಡ್ಡಪ್ಪನಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಫೋನ್ ಮಾಡಿ ಕೇಳಿದೆ. ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ "ನಿಮ್ಮ ಮುತ್ಯಾ ಒಂದೂರಿನ ಹೆಸರು ಹೇಳಿದ್ದಪ್ಪಾ, ಲಿಂಗಸೂರು ಕಡೀದು. ಮನಿಷ್ಯಾನ ಹೆಸರು ನನಗ ಗೊತ್ತಿಲ್ಲ" ಅಂದರು. ಅಷ್ಟಾದರೂ ಇದೆ. ಊರಿನ ಹೆಸರು, ವರ್ಷ, ಮುಂಡರಗಿ ಶಿಬಿರದಲ್ಲಿ ಮುತ್ಯಾನ ಜೊತೆ ಇದ್ದವರು ಯಾರ್ಯಾರು, ಎಲ್ಲವನ್ನೂ ದೊಡ್ಡಪ್ಪನ ಬಾಯಿಂದ ಕೇಳಿ ಬರೆದುಕೋ ಅಂತ ತಮ್ಮನಿಗೆ ಹೇಳಿದ್ದೇನೆ. ಅವನಿಗೆ ಇದು ಇಷ್ಟ ಇಲ್ಲ. ಇಷ್ಟು ವರ್ಷದ ಮೇಲೆ ಕೆದಕಿ ಯಾರಿಗೆ ಏನು ಬಂತು, ಆ ಊರಿಗೆ ಹೋಗಿ ಕೇಳಿದರೆ ಹೊಸ ಜಗಳ ಆಗುತ್ತದೆ ಅನ್ನುತ್ತಾನೆ. ಈಗಿನ ಕಾಲ ನೋಡಿದರೆ ಅವನ ಅಂಜಿಕೆ ಸುಳ್ಳಲ್ಲ. ನಾನೂ ತಲವಾರು ಹೊತ್ತುಕೊಂಡು ಆ ಊರಿಗೆ ಹೋಗು ಅನ್ನುತ್ತಿಲ್ಲ. ಹಿಂದಿನ ಓಣಿಯ ಆ ಸಾಬರ ಮೊಮ್ಮಗ ಈಗ ಲಿಂಗಸೂರಿನಲ್ಲೇ ಮಾಸ್ತರಿಕೆ ಮಾಡುತ್ತಾನೆ. ಮೊದಲು ಅವನ ಜೊತೆ ಕೂತು ಮಾತಾಡು, ಏನು ಮಾಡಬೇಕು ಅಂತ ಅವನನ್ನೇ ಕೇಳು ಅಂದಿದ್ದೇನೆ. ತಮ್ಮ ಇನ್ನೂ ಹೂಂ ಅಂದಿಲ್ಲ. ದಸರೆಗೆ ನಾನೇ ಬರ್ತೀನಿ ಅಂತ ಟಿಕೆಟ್ ತೆಗೆಸಿದ್ದೇನೆ.